ದಾರಿ ಹೇಳುವವಳು

ಮುಂದಿನ ಸೀಟಿನಲ್ಲಿ ಕೂತಾಗ ಶಿವಬಸವ್ವನಿಗೆ ಮೊದಲು ಆದದ್ದು ನಾಚಿಕೆ. ಮಹಾಂತೇಶ ನಗರದ ಆ ಹೊಸ ಓಣಿಯಲ್ಲಿ ಬೆಳಗಿನ ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ತಮ್ಮ ಬಾಳಪ್ಪ ಬಾನೆಟ್ಟಿನ ಮುಂದೆ ನಿಂತು ಹ್ಯಾಂಡಲ್ ತಿರುವಿ ತಿರುವಿ ಬೆವರಿದ್ದ. ಹಿರೇಗಾಡಿ ಕೊನೆಗೊಮ್ಮೆ ಕೆಮ್ಮಿ, ಮೈ ಕೊಡವಿಕೊಂಡು ಎದ್ದಿತು. ಅದು ಬಾಳಪ್ಪನಿಗಿಂತ ಹಳೆಯ ಕಾರು, ಅದಕ್ಕೇ ಮನೆಯಲ್ಲಿ ಆ ಹೆಸರು. ಯಾರೋ ಸಂಸ್ಥಾನಿಕರ ಮನೆಯಿಂದ ಅಪ್ಪನ ಕೈಗೆ ಬಂದದ್ದು. ಎರಡೂ ಬದಿಗೆ ಕಾಲಿಡುವ ಹಲಗೆ, ತೊಗಲು ಹರಿದು ನಾರು ಇಣುಕುವ ಸೀಟು, ರಬ್ಬರಿನ ಉಂಡೆ ಹಿಚುಕಿದರೆ ಕೂಗುವ ಹಾರ್ನು. ಎಲ್ಲರೂ ತಂತಮ್ಮ ಬಾಗಿಲ ಕಡೆ ನಡೆದಾಗ ಅವಳೂ ತನ್ನ ಜಾಗಕ್ಕೆ ಹೊರಟಿದ್ದಳು: ಹಿಂದೆ, ಬುತ್ತಿಯ ಬುಟ್ಟಿಯ ಪಕ್ಕಕ್ಕೆ. ಬೈಲಹೊಂಗಲದಲ್ಲಿ ಗಂಡ ಇನ್ನೊಬ್ಬಳನ್ನು ಮನೆಗೆ ತಂದ ಮೇಲೆ ಅವಳು ತವರಿಗೆ ಬಂದವಳು. ಅಂದಿನಿಂದ ಯಾರೂ ತೋರಿಸದೆಯೇ ಅವಳಿಗೆ ಅವಳ ಜಾಗ ಗೊತ್ತಾಗುತ್ತಿತ್ತು. ಆದರೆ ಅವ್ವ ನಿಂಗವ್ವ ಮೊಣಕಾಲು ತಿಕ್ಕಿಕೊಳ್ಳುತ್ತ, "ನೀ ಮುಂದ ಕುಂದರವಾ. ಬಾಳಪ್ಪ ನನ್ನ ಬಾಜೂಕ ಇರ್ಲಿ, ಕಾಲ ಹಿಡದ್ರ ಅವನ ಮ್ಯಾಲೆ ಚಾಚತೀನಿ," ಎಂದಳು. ಬಾಳಪ್ಪನ ಹೆಂಡತಿ ಸಂಗವ್ವ ಮಗಳನ್ನು ಎತ್ತಿಕೊಂಡು ಹತ್ತುತ್ತ ನಕ್ಕಳು. "ಇವತ್ತು ಅಕ್ಕಾರು ಸಾವಕಾರ್ತಿ ಆದ್ರು ನೋಡ್ರಿ." ಸಂಗವ್ವ ಕೆಟ್ಟವಳಲ್ಲ, ಮಾತೂ ಕೆಟ್ಟದ್ದಲ್ಲ. ಆದರೂ ಆ ಮಾತು ಶಿವಬಸವ್ವನ ಕುಪ್ಪಸದೊಳಗೆ ಬಿದ್ದ ಹುಲ್ಲಿನ ಮುಳ್ಳಿನಂತೆ ಊರ ಅಂಚು ದಾಟುವ ತನಕ ಚುಚ್ಚುತ್ತಲೇ ಇತ್ತು.

ಉಳವಿಯ ಯಾತ್ರೆಗೆ ಹೋಗುವ ವಿಚಾರ ಅಪ್ಪನದು. ಒಂದು ಸಂಜೆ ರೊಟ್ಟಿ ಮುರಿಯುತ್ತ ಗುರುಪಾದಪ್ಪ, "ಎಲ್ಲಾರೂ ಉಳವಿಗೆ ಹೋಗಿ ಬರೂಣು, ಗಾಡಿ ನಾ ಹೊಡಿತೀನಿ," ಎಂದಿದ್ದ. ಅಷ್ಟು ದೂರ ಈ ಹಳೇ ಗಾಡಿಯಲ್ಲಿ ಯಾಕೆ, ಬಸ್ಸಿಗೆ ಹೋಗೋಣ ಎಂದು ಬಾಳಪ್ಪ ಹೇಳಿ ನೋಡಿದ. ಉದ್ಯಮಬಾಗದ ಫೌಂಡ್ರಿಯಲ್ಲಿ ಅವನು ಕಂಪನಿಯ ಟೆಂಪೋ ನಡೆಸುವವನು. ಆದರೆ ಹಿರೇಗಾಡಿಯ ಸ್ಟಿಯರಿಂಗು ಅಪ್ಪನಲ್ಲದೆ ಬೇರೆಯವರು ಮುಟ್ಟುವ ವಸ್ತುವಲ್ಲ. ಖಾನಾಪುರದಲ್ಲಿ ಕಟ್ಟಿಗೆಯ ಅಡ್ಡೆ ಇದ್ದ ಕಾಲಕ್ಕೆ ಅಪ್ಪ ಬೆಳಗಾವಿಯಿಂದ ಲೋಂಡಾದವರೆಗೆ ಈ ರಸ್ತೆಯನ್ನು ಸವೆಸಿದ್ದ. ಈಗ ಅಡ್ಡೆ ಇಲ್ಲ, ಅಪ್ಪನ ಮೀಸೆ ಪೂರ್ತಿ ಬಿಳಿ. ಸ್ಟಿಯರಿಂಗಿನ ಮೇಲಿನ ಕೈಗಳು ಮಾತ್ರ ಅವೇ. ಶಿವಬಸವ್ವ ಅವುಗಳನ್ನು ಇಷ್ಟು ಹತ್ತಿರದಿಂದ ನೋಡಿದ್ದು ಒಂದೇ ಸಲ, ಬೈಲಹೊಂಗಲದಿಂದ ಅಪ್ಪ ಅವಳನ್ನು ಕರೆತಂದ ದಿನ. ಏನಾಯಿತು ಎಂದು ಅವನು ಆ ದಿನ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಕೇಳದೇ ಇದ್ದದ್ದು ಪ್ರೀತಿಯೋ ಬೇಸರವೋ ಎಂಬುದನ್ನು ಅವಳು ಹಿಟ್ಟು ನಾದುವಾಗ, ಬಟ್ಟೆ ಹಿಂಡುವಾಗ ಎಷ್ಟೋ ಸಲ ತೂಗಿ ನೋಡಿದ್ದಳು. ತಕ್ಕಡಿ ಯಾವ ಕಡೆಗೂ ವಾಲಿರಲಿಲ್ಲ.

ಉದ್ಯಮಬಾಗದ ಹತ್ತಿರ ಪಾಳಿ ಮುಗಿಸಿದವರ ಸೈಕಲ್ಲುಗಳು ರಸ್ತೆಯ ತುಂಬ ಬಂದವು. ಅಪ್ಪ ಹಾರ್ನು ಹಿಚುಕುತ್ತಲೇ ಹೋದ. ಸೈಕಲ್ಲುಗಳು ದಾಟಿ ಹೋದ ಮೇಲೂ, ಖಾಲಿ ರಸ್ತೆಗೂ ಹಿಚುಕಿದ. ಮಂದಿ ತಿರುಗಿ ನೋಡಿ ನಕ್ಕರು. ಎದುರಿನಿಂದ ಖಾನಾಪುರದ ಹಂಚು ತುಂಬಿದ ಲಾರಿಯೊಂದು ಧೂಳೆಬ್ಬಿಸುತ್ತ ದಾಟಿತು. "ಈ ಕೆಂಪು ಬಸ್ಸು ಯಾವೂರದು?" ಎಂದ ಅಪ್ಪ. ಚೇಷ್ಟೆ ಇರಬೇಕು ಎಂದುಕೊಂಡು ಅವಳು ನಕ್ಕಳು. ಅವನು ನಗಲಿಲ್ಲ. ಅವನ ತಲೆ ಒಂದಿಷ್ಟು ಓರೆಯಾಗಿತ್ತು, ದೂರದ ಮನೆಯಲ್ಲಿ ಯಾರೋ ಹಾಡುತ್ತಿರುವುದನ್ನು ಕೇಳಿಸಿಕೊಳ್ಳುವವನ ಹಾಗೆ. ಪೀರನವಾಡಿ ದಾಟಿದ ಮೇಲೆ ರಸ್ತೆಗೆ ಅಡ್ಡವಾಗಿ ಎಮ್ಮೆಗಳ ಹಿಂಡು ಬಂತು. ದೊಡ್ಡ ಕಪ್ಪು ಮೈಗಳು ಮಂಜಿನಲ್ಲಿ ತೇಲುವ ಬಂಡೆಗಳಂತೆ ನಿಧಾನವಾಗಿ ಹೋಗುತ್ತಿದ್ದವು. ಗಾಡಿ ಅದೇ ವೇಗದಲ್ಲಿ ಅವುಗಳ ಕಡೆ ನಡೆದಿತ್ತು. ಈಗ ನಿಲ್ಲಿಸುತ್ತಾನೆ, ಈಗ ನಿಲ್ಲಿಸುತ್ತಾನೆ ಎಂದು ಕಾಯುತ್ತ ಅವಳ ಕಾಲ್ಬೆರಳುಗಳು ಚಪ್ಪಲಿಯೊಳಗೆ ಮಡಚಿಕೊಂಡವು. "ಅಪ್ಪಾ, ಎಮ್ಮಿ ಅದಾವ್ರಿ," ಎಂದಳು. ಆ ಕ್ಷಣವೇ ಬ್ರೇಕು ಬಿತ್ತು. ಅಪ್ಪ ತಿರುಗದೆ, ಬರೀ ಅವಳಿಗೆ ಕೇಳುವಷ್ಟು ಸಣ್ಣ ದನಿಯಲ್ಲಿ, "ಎಷ್ಟು ದೂರ?" ಎಂದ.

ಆ ಪ್ರಶ್ನೆ ಅರ್ಥವಾಗುವುದಕ್ಕೆ ಅವಳಿಗೆ ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಭಯ ಬರಬೇಕಿತ್ತು. ಬಂತು ಕೂಡ, ಆದರೆ ಅದರ ಬೆನ್ನಿಗೇ ಇನ್ನೇನೋ ಬಂತು, ಅದಕ್ಕೆ ಅವಳ ಬಳಿ ಹೆಸರಿರಲಿಲ್ಲ. ಅಪ್ಪ ಅವಳನ್ನು ಏನನ್ನಾದರೂ ಕೇಳಿ ಎಷ್ಟು ವರ್ಷವಾಗಿತ್ತು. "ಹತ್ತು ಮಾರು ಇರಬೇಕ್ರಿ," ಎಂದಳು. "ದಾಟಾಕತ್ತಾವು. ಇನ್ನೊಂದು ಕರ ಐತಿ. ಹಾಂ, ದಾಟ್ತು." ಗಾಡಿ ಹೊರಟಿತು. ಆಮೇಲೆ ಅವಳು ಹೇಳುವುದನ್ನು ನಿಲ್ಲಿಸಲಿಲ್ಲ. ಎಡಕ್ಕ ಚಕ್ಕಡಿ ಐತ್ರಿ. ಮುಂದ ತಗ್ಗು, ಒಂದೀಟು ಬಲಕ್ಕ. ಯಾರೋ ಸೈಕಲ್ ದೂಡಿಕೊಂಡು ಹೊಂಟಾರು. ದನಿ ಮಾತಿನಂತೆಯೇ ಇರಬೇಕು, ಹಿಂದಿನವರಿಗೆ ಸಂಶಯ ಬರಬಾರದು. ಹಾಗಾಗಿ ನಡುನಡುವೆ ಸುಳ್ಳು ಹರಟೆಯನ್ನೂ ಸೇರಿಸಿದಳು. "ಅತ್ತಿ ಭಾಳ ಮಾತಾಡ್ತಾಳ," ಎಂದಳು ಬಾಳಪ್ಪನ ಮಗಳು ಗಂಗಿ. "ಮುಂದ ಕುಂತ್ರ ಯಾರಿಗೂ ಹಂಗ ಆಗತೈತಿ," ಎಂದು ಸಂಗವ್ವ ಮಗಳ ತಲೆ ನೇವರಿಸಿದಳು. ಬಾಳಪ್ಪ ಆಗಲೇ ಕಿಟಕಿಗೆ ತಲೆ ಆನಿಸಿ ತೂಕಡಿಸುತ್ತಿದ್ದ. ಅವ್ವ ಕಣ್ಣು ಮುಚ್ಚಿ ಕೂತಿದ್ದಳು, ಕೊರಳಿನ ಲಿಂಗದ ಮೇಲೆ ಒಂದು ಕೈಯಿಟ್ಟು.

ಯಾವುದೋ ಒಂದು ತಿರುವಿನ ನಂತರ ಅವಳಿಗೆ ತನ್ನ ಮಾತು ಮತ್ತು ಗಾಡಿ ಬೇರೆ ಬೇರೆ ಎಂಬುದು ಮರೆತುಹೋಯಿತು. ಎಡಕ್ಕೆ ಎಂದರೆ ಮೈಯೆಲ್ಲ ಎಡಕ್ಕೆ ವಾಲುತ್ತಿತ್ತು. ನಿಲ್ಲು ಎಂದರೆ ಲೋಕ ನಿಲ್ಲುತ್ತಿತ್ತು. ಬೈಲಹೊಂಗಲದ ಅಡಿಗೆಮನೆಯಲ್ಲಿ ಅವಳು ಉಪ್ಪು ಹೆಚ್ಚಾಯಿತೇನೋ ಎಂದರೂ ಯಾರೂ ತಲೆಯೆತ್ತುತ್ತಿರಲಿಲ್ಲ. ಅತ್ತೆ ಅವಳೆದುರಿಗೇ, "ಮನ್ಯಾಗ ಯಾರೂ ಇಲ್ಲ, ಆಮ್ಯಾಲೆ ಬರ್ರಿ," ಎಂದು ಬಾಗಿಲಿಗೆ ಬಂದವರನ್ನು ಕಳಿಸಿದ್ದಿತ್ತು. ಈಗ ಅವಳು ಹೇಳಿದ್ದಷ್ಟೇ ಇತ್ತು. ಹೇಳದ್ದು ಇರಲೇ ಇಲ್ಲ. ಮಂಜು ಹರಿದು ಬಿಸಿಲು ಗಾಜಿನ ಮೇಲೆ ಹಳದಿ ನೀರಿನಂತೆ ಹರಡಿತು. ಭತ್ತ ಕೊಯ್ದ ಗದ್ದೆಗಳು, ಬಣವೆಗಳು, ದೂರದ ಗುಡ್ಡದ ನೀಲಿ ಸಾಲು, ಎಲ್ಲವೂ ಅವಳ ಬಾಯಿಂದ ಒಂದೊಂದಾಗಿ ಹುಟ್ಟಿ ಬಂದು ರಸ್ತೆಯ ಬದಿಗೆ ನಿಲ್ಲುತ್ತಿದ್ದವು.

ಖಾನಾಪುರದಲ್ಲಿ ಮಲಪ್ರಭೆಯ ಸೇತುವೆಯ ಈಚೆ ಚಹಾಕ್ಕೆ ನಿಲ್ಲಿಸಿದರು. ಅಂಗಡಿಯವನು "ಯಾ, ಬಸಾ" ಎಂದು ಮರಾಠಿಯಲ್ಲಿ ಬಂದು ಕೂರಲು ಕರೆದು ಬೆಂಚು ಒರೆಸಿದ. ಅಪ್ಪ ಅವಳ ಭುಜದ ಮೇಲೆ ಕೈಯಿಟ್ಟು ಇಳಿದ. ಕಾಲು ಜೋಮು ಹಿಡಿದಿದೆ ಎಂದ. ಅಡ್ಡೆಯ ಕಾಲದ ಪರಿಚಯದ ಕಲ್ಲಯ್ಯ ಎಂಬ ಮುದುಕನೊಬ್ಬ ರಸ್ತೆಯ ಆಚೆಯಿಂದ, "ಗುರುಪಾದಪ್ಪಣ್ಣಾ, ಇನ್ನೂ ಅದ ಗಾಡಿ ಹೊಡ್ಯಾಕತ್ತಿ ಏನು?" ಎಂದು ಕೂಗಿದಾಗ ಅಪ್ಪ ದನಿ ಬಂದ ದಿಕ್ಕಿಗೆ ಸರಿಯಾಗಿ ಕೈಯೆತ್ತಿ, ಹೆಸರು ಹಿಡಿದು ಮಾತಾಡಿಸಿದ. ಎಷ್ಟು ಚೆನ್ನಾಗಿ ಮಾಡುತ್ತಾನೆ ಎಂದು ಅವಳಿಗೆ ಹೆಮ್ಮೆಯಾಯಿತು. ಗಂಗಿ ಕಾಲಿಡುವ ಹಲಗೆಯ ಮೇಲೆ ಕೂತು ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿತ್ತು. ಅದರ ಸಣ್ಣ ಮೊಣಕಾಲಿನ ಮೇಲೆ ಹಳೆಯ ಗಾಯದ ಗುರುತು. ಬಾಳಪ್ಪ ಹೊಳೆಯಿಂದ ಡಬ್ಬಿಯಲ್ಲಿ ನೀರು ತಂದು ರೇಡಿಯೇಟರಿಗೆ ಹಾಕುತ್ತಿದ್ದ. ಅವಳು ಹತ್ತಿರ ಹೋಗಿ, "ಬಾಳಾ," ಎಂದಳು.

"ಏನಕ್ಕಾ?"

ಒಂದು ಮಾತು. ಅಪ್ಪನಿಗೆ ಕಣ್ಣು ಕಾಣುವುದಿಲ್ಲ ಎಂದರೆ ಮುಗಿಯಿತು. ಬಾಳಪ್ಪ ಸ್ಟಿಯರಿಂಗಿಗೆ ಕೂರುತ್ತಾನೆ, ಸಂಗವ್ವ ಅವನ ಪಕ್ಕಕ್ಕೆ. ತಾನು ಹಿಂದೆ, ಬುಟ್ಟಿಯ ಜೊತೆ. ಅಪ್ಪನಿಗೆ ಅವಮಾನವಾಗುತ್ತದೆ ಎಂದೇ ತಾನು ಸುಮ್ಮನಿದ್ದೇನೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಆ ಮಾತು ಬಾಯಲ್ಲಿ ಒಂದು ಸುತ್ತು ತಿರುಗಿತು, ಖರೆಯ ರುಚಿ ಹತ್ತಲಿಲ್ಲ.

"ಮುಚ್ಚಳ ಬಿಸಿ ಇರತೈತಿ, ಜ್ವಾಕಿ," ಎಂದಳು.

ಸೇತುವೆ ದಾಟಿ ಗುಂಜಿಯ ಕಡೆ ಹೊರಟ ಮೇಲೆ ಕಾಡು ಸುರುವಾಯಿತು. ರಸ್ತೆ ಖಾಲಿ. ಗಿಡಗಳ ನೆರಳು ಗಾಜಿನ ಮೇಲೆ ಹತ್ತಿ ಇಳಿದು, ಹತ್ತಿ ಇಳಿದು, ಎಲ್ಲರಿಗೂ ಜೊಂಪು ತಂದಿತು. ಹಿಂದೆ ಗಂಗಿಯ ಗುನುಗು ಕೂಡ ನಿಂತಿತು. ಹೇಳುವುದಕ್ಕೆ ಎಮ್ಮೆಯಿಲ್ಲ, ಚಕ್ಕಡಿಯಿಲ್ಲ. ಸುಮ್ಮನಿರಲು ಅವಳಿಗೆ ಮನಸ್ಸಾಗಲಿಲ್ಲ. "ಮುತ್ತಲ ಗಿಡ ಹೂ ಬಿಟ್ಟಾವ್ರಿ," ಎಂದಳು.

"ಎಲಿ?"

"ಎಲಿ ಒಂದೂ ಇಲ್ರಿ."

"ಬರೇ ಹೂವು," ಎಂದ ಅಪ್ಪ. ಅವನ ಮೀಸೆಯ ಅಂಚು ಅಲುಗಿತು.

"ಬರೇ ಹೂವ್ರಿ. ಗುಡ್ಡದ ಮ್ಯಾಲಿನ ತನಕ. ಕೆಳಗ ಬಿದ್ದದ್ದೂ ಹಂಗ ಐತಿ, ಯಾರೂ ತುಳದಿಲ್ಲ." ಒಂದು ಹಳದಿ ಹಕ್ಕಿ ಹಾರಿತು, ಅದನ್ನೂ ಹೇಳಿದಳು. ಒಣಗಿದ ಹಳ್ಳದ ಉಸುಕಿನಲ್ಲಿ ಯಾವುದೋ ಪ್ರಾಣಿಯ ಹೆಜ್ಜೆ ಸಾಲಾಗಿ ಹೋಗಿರುವುದನ್ನು ಹೇಳಿದಳು. ಅಷ್ಟು ವೇಗದಲ್ಲಿ ಹೆಜ್ಜೆ ಕಂಡಿತ್ತೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಅವಳ ಕಣ್ಣು ರಸ್ತೆಯನ್ನು ಬಿಟ್ಟು ಕೊಂಬೆಗಳ ಮೇಲೆಯೇ ನಡೆದುಕೊಂಡು ಹೋಗುತ್ತಿತ್ತು, ಅಪ್ಪನ ಕೈ ಹಿಡಿದುಕೊಂಡು. ಅವನು ಒಂದೊಂದಕ್ಕೂ ಹ್ಞೂಂ ಅನ್ನುತ್ತಿದ್ದ. ಈ ರಸ್ತೆ ಉಳವಿಗೆ ಮುಟ್ಟುವುದೇ ಬೇಡ, ಹೀಗೆಯೇ ಹೋಗುತ್ತಿರಲಿ ಎನಿಸಿತು. ಅಷ್ಟರಲ್ಲಿ ಗಾಜಿನ ತುಂಬ ಒಂದು ಹಸಿರು ಸೀರೆ ನಿಂತಿತ್ತು.

ಅವಳ ಬಾಯಿಂದ ಮಾತು ಹೊರಡಲಿಲ್ಲ. ಕೈ ತಾನಾಗಿ ಹೋಗಿ ಸ್ಟಿಯರಿಂಗನ್ನು ಎಳೆಯಿತು. ಗಾಡಿ ರಸ್ತೆ ಬಿಟ್ಟು ತರಗೆಲೆಯೊಳಗೆ ನುಗ್ಗಿ, ಒಂದು ದಿಬ್ಬಕ್ಕೆ ಒರಗಿ ನಿಂತಿತು. ಬಾನೆಟ್ಟಿನ ಮೇಲೆ ಕಟ್ಟಿಗೆಗಳು ಸಪ್ಪಳ ಮಾಡುತ್ತ ಬಿದ್ದವು. ಹಿಂದೆ ಗಂಗಿ ಎದ್ದು ಅಳತೊಡಗಿತು. ಕಟ್ಟಿಗೆಯ ಹೊರೆ ಹೊತ್ತು ಬರುತ್ತಿದ್ದ ಹೆಂಗಸು ರಸ್ತೆಯ ನಡುವೆ ಕೂತುಬಿಟ್ಟಿದ್ದಳು. ಗಾಡಿ ತಾಗಿರಲಿಲ್ಲ, ಹೊರೆಯನ್ನಷ್ಟೇ ಕೆಡವಿತ್ತು. ಅವಳು ಎದ್ದು ನಿಂತು, "ಡೋಳೇ ನಾಹೀತ ಕಾ?" ಎಂದಳು. ಕಣ್ಣಿಲ್ಲವೇನು ನಿನಗೆ. ದಿನಕ್ಕೆ ಎಷ್ಟು ಮಂದಿ ಎಷ್ಟು ಮಂದಿಗೆ ಅನ್ನುವ ಮಾತು. ಸಂಗವ್ವ ಕಿಟಕಿಯಿಂದ ತಲೆ ಹಾಕಿ, ರಸ್ತೆಯ ನಡುವೆ ನಡೆಯುವುದು ಯಾಕೆ ಎಂದು ಅದೇ ಮರಾಠಿಯಲ್ಲಿ ತಿರುಗಿ ಬೈದಳು. ಅಪ್ಪ ಒಬ್ಬನೇ ಇಳಿದ. ಬಾನೆಟ್ಟನ್ನು ಹಿಡಿದು ಮುಂದೆ ಬಂದು, ಮೊಣಕಾಲೂರಿ, ನೆಲ ತಡವುತ್ತ ಕಟ್ಟಿಗೆಗಳನ್ನು ಒಂದೊಂದಾಗಿ ಕೂಡಿಸಿ ಹೊರೆ ಮಾಡಿದ. ಆ ಹೆಂಗಸು ಅವನ ಕೈಗಳನ್ನೇ ನೋಡುತ್ತ ನಿಂತಳು. ಅವಳಿಗೆ ಏನೋ ಹೊಳೆದಿರಬೇಕು. ಇನ್ನೊಂದು ಮಾತಾಡದೆ ಹೊರೆ ಎತ್ತಿಸಿಕೊಂಡು ಕಾಲುದಾರಿ ಹಿಡಿದಳು.

"ಅಕಿದ ತಪ್ಪು, ಬಿಡ್ರಿ ಅಪ್ಪಾ," ಎಂದ ಬಾಳಪ್ಪ, ಗಾಡಿಯನ್ನು ಹಿಂದಕ್ಕೆ ದೂಡುತ್ತ. ಅವಳದಲ್ಲ ಎಂಬುದು ಶಿವಬಸವ್ವನಿಗೆ ಗೊತ್ತಿತ್ತು. ಅಪ್ಪನದೂ ಅಲ್ಲ. ರಸ್ತೆ ಹೇಳಬೇಕಾದವಳು ಹೂವು ಹೇಳುತ್ತಿದ್ದಳು.

ಗಾಡಿ ಮತ್ತೆ ಹೊರಟಿತು. ಅಪ್ಪ ತಲೆಯನ್ನು ಅವಳ ಕಡೆಗೆ ಒಂದಿಷ್ಟು ಓರೆ ಮಾಡಿ ಕಾದ. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ರಸ್ತೆ ನೇರವಾಗಿತ್ತು, ಮುಂದೆ, ದೂರದಲ್ಲಿ, ಎಡಕ್ಕೆ ಹೊರಳುತ್ತಿತ್ತು. ಹೇಳಬೇಕೆಂದು ನಾಲಗೆ ಎದ್ದಿತು. ಹಿಂದಿನಿಂದ ಮಗುವಿನ ಬಿಕ್ಕು ಇನ್ನೂ ಕೇಳುತ್ತಿತ್ತು. ಅವಳು ಹಲ್ಲು ಕಚ್ಚಿ ಕೂತಳು. ಗಾಡಿಯ ವೇಗ ಇಳಿಯಿತು. "ಮುಂದ?" ಎಂದ ಅಪ್ಪ, ತುಟಿ ಅಲುಗಿದಷ್ಟೇ. ಅವಳು ಹೇಳಲಿಲ್ಲ. ಇನ್ನೂ ಇಳಿಯಿತು. ಆಗ ಹಿಂದಿನಿಂದ ಅವ್ವ, ಕಣ್ಣು ಮುಚ್ಚಿಕೊಂಡೇ ಎಂದಳು: "ಯಾಕ ಸುಮ್ಮನಾದಿ, ಶಿವಬಸೂ? ಹೇಳವಾ. ನಿಮ್ಮಪ್ಪ ಕಾಯಾಕತ್ತಾನ."

ಅವ್ವನಿಗೆ ಗೊತ್ತಿತ್ತು. ಬೆಳಿಗ್ಗೆ ಮೊಣಕಾಲು ತಿಕ್ಕಿಕೊಂಡಾಗಲೇ ಗೊತ್ತಿತ್ತು. ಹಾಗಾದರೆ ತನ್ನನ್ನು ಇಲ್ಲಿ ಕೂರಿಸಿದ್ದು ಮಗಳೆಂದೋ, ಅಥವಾ ಮನೆಯಲ್ಲಿ ಬೇರೆ ಕೆಲಸಕ್ಕೆ ಬಾರದ ಎರಡು ಕಣ್ಣು ಎಂದೋ ಎಂದು ಅವಳ ಮನಸ್ಸು ಒಮ್ಮೆ ಕಹಿಯಾಗಿ ಕೇಳಿತು. ಕೇಳಿ, ಉತ್ತರಕ್ಕೆ ನಿಲ್ಲದೆ ಮುಂದೆ ಹೋಯಿತು. ಅಪ್ಪನ ಕೊನೆಯ ಸವಾರಿಗೆಂದು ಅವ್ವ ತನ್ನ ಜೀವವನ್ನೂ ಎಲ್ಲರ ಜೀವವನ್ನೂ ದೇವರಿಗೆ ಒಪ್ಪಿಸಿ ಕೂತಿದ್ದಳು, ಲಿಂಗದ ಮೇಲೆ ಕೈಯಿಟ್ಟು. ಅವ್ವನ ಆ ಧೈರ್ಯ ತನ್ನದಲ್ಲ. ತಿರುವು ಹತ್ತಿರ ಬಂತು. ಶಿವಬಸವ್ವ ಬಾಯಿ ಬಿಡಲಿಲ್ಲ. ಗಾಡಿ ನಡೆಯುವ ಮನುಷ್ಯನಷ್ಟು ನಿಧಾನವಾಗಿ, ಆಮೇಲೆ ಅದಕ್ಕಿಂತಲೂ ನಿಧಾನವಾಗಿ ಉರುಳಿ, ರಸ್ತೆಯ ನಡುವೆಯೇ ನಿಂತಿತು. ಅಪ್ಪ ಚಾವಿ ತಿರುವಿದ. ಇಂಜಿನ್ನು ಸುಮ್ಮನಾದಾಗ ಕಾಡಿನ ಸದ್ದೆಲ್ಲ ಒಮ್ಮೆಗೇ ಒಳಗೆ ಬಂತು.

"ಬಾಳಪ್ಪಾ," ಎಂದ ಅಪ್ಪ. "ನೀ ಹೊಡಿ. ನನಗ ಕಾಣವಲ್ದು."

ಬಾಳಪ್ಪ ಇಳಿದು ಬಂದು ಬಾಗಿಲ ಹತ್ತಿರ ನಿಂತ. ಅಪ್ಪನ ಮುಖ ನೋಡಿದ, ಅವ್ವನನ್ನು ನೋಡಿದ, ಕೊನೆಗೆ ಅವಳನ್ನು. "ನಿನಗ ಗೊತ್ತಿತ್ತೇನು?"

"ಪೀರನವಾಡಿ ದಾಟಿದಾಗಿಂದ."

ಅವನು ಕೂಗಾಡಲಿಲ್ಲ. "ನನ್ನ ಮಗಳು ಹಿಂದ ಕುಂತಿತ್ತು, ಅಕ್ಕಾ," ಎಂದ ಅಷ್ಟೇ. ಸಂಗವ್ವ ಗಂಗಿಯನ್ನು ಎದೆಗೆ ಒತ್ತಿಕೊಂಡಳು, ಶಿವಬಸವ್ವನ ಕಡೆ ನೋಡದೆ. ಬೆಳಗಿನ ಚುಚ್ಚುಮಾತಿನಂತೆ ಇದನ್ನು ಅನ್ಯಾಯ ಎನ್ನಲು ಬರುತ್ತಿರಲಿಲ್ಲ.

ಗಾಡಿಯ ಮೈ ಆರಲಿ ಎಂದು ಬದಿಗೆ ದೂಡಿ ನಿಲ್ಲಿಸಿದರು. ಅಪ್ಪ ಕೆಳಗಿನ ಹಳ್ಳದಲ್ಲಿ ಮುಖ ತೊಳೆಯುತ್ತೇನೆಂದು ಇಳಿದು ಹೋದ. ಅವಳು ಹಿಂದೆ ಹೋದಳು, ಕೈ ಹಿಡಿಯಲಿಲ್ಲ. ಕಲ್ಲುಗಳ ನಡುವೆ ಸ್ವಲ್ಪವೇ ನೀರಿತ್ತು. ಅಪ್ಪ ಬೊಗಸೆಯಲ್ಲಿ ತೆಗೆದು ಕಣ್ಣಿಗೆ ಹಾಕಿಕೊಂಡು, ತೊಯ್ದ ಮುಖವನ್ನು ಒರೆಸದೆ ಕೂತ. "ಕಣ್ಣಾಗ ನಡುವಿಂದು ಹೋಗೇತಿ," ಎಂದ. "ಅಂಚು ಕಾಣತೈತಿ. ಈಗ ನಿನ್ನ ಕಡೆ ನೋಡಿದ್ರ ಸೆರಗು ಕಾಣತೈತಿ, ಮಾರಿ ಕಾಣೂದಿಲ್ಲ."

ಅವಳು ಹತ್ತಿರದ ಕಲ್ಲಿನ ಮೇಲೆ ಕೂತಳು.

"ಇನ್ನೊಂದೀಟು ದೂರ ಹೇಳಬಹುದಿತ್ತು," ಎಂದ ಅಪ್ಪ. ದೂರು ಇರಲಿಲ್ಲ ದನಿಯಲ್ಲಿ.

"ಹೇಳಬಹುದಿತ್ರಿ."

"ಅಂಜಿದೇನು?"

ಹೌದು ಎಂದರೆ ಸಾಕಿತ್ತು. ಹೆಂಗಸೊಬ್ಬಳು ಗಾಡಿಯ ಕೆಳಗೆ ಸಿಗುತ್ತಿದ್ದಳು. ಅಂಜಿಕೆಗೆ ಅಷ್ಟು ಕಾರಣ ಸಾಕಿತ್ತು. "ಅಂಜಿಕಿ ಅಲ್ರಿ," ಎಂದಳು. "ನನಗ ಭಾಳ ಚಲೋ ಅನಸಾಕತ್ತಿತ್ತು. ಗಂಗಿ ಹಿಂದೈತಿ ಅನ್ನೂದ ಮರ್ತು ಹೋಗಿತ್ತು. ಅದಕ್ಕ ನಿಲ್ಲಿಸಿದ್ನಿ."

ಅಪ್ಪ ಅವಳ ಮುಖದ ಕಡೆ ತಿರುಗಿದ. ಆಮೇಲೆ ಅವಳನ್ನು ನೋಡಬೇಕೆಂದೇ ದೃಷ್ಟಿಯನ್ನು ಒಂದಿಷ್ಟು ಪಕ್ಕಕ್ಕೆ, ಅವಳ ಭುಜದ ಆಚೆಯ ಗಿಡದ ಮೇಲೆ ಇಟ್ಟ.

"ನನಗೂ," ಎಂದ.

ಬಾಳಪ್ಪ ಹಾರ್ನು ಹಿಚುಕಿ ಕರೆದ. ಮೇಲೆ ಬಂದಾಗ ಸಂಗವ್ವ ಮಗಳೊಂದಿಗೆ ಮುಂದೆ ಕೂತಾಗಿತ್ತು. ಹಿಂದೆ ಅವ್ವ ಒಂದು ಬದಿಗೆ ಸರಿದು ಜಾಗ ಮಾಡಿದಳು. ಅಪ್ಪ ನಡುವೆ ಕೂತ, ಶಿವಬಸವ್ವ ಕಿಟಕಿಯ ಪಕ್ಕಕ್ಕೆ. ಬಾಳಪ್ಪನ ಕೈಗೆ ಗೇರು ಒಂದೆರಡು ಸಲ ಕಿರುಗುಟ್ಟಿತು. ಗಾಡಿ ಓಡತೊಡಗಿದ ಮೇಲೆ ಅವಳಿಗೆ ಕಣ್ಣು ಉರಿಯುತ್ತಿರುವುದು ಗೊತ್ತಾಯಿತು. ಬೆಳಗಿನಿಂದ ರೆಪ್ಪೆ ಬಡಿಯದೆ ನೋಡಿದ್ದಳು. ಒಂದು ಗಳಿಗೆಗೆಂದು ಮುಚ್ಚಿದಳು. ಕತ್ತಲೆಯಲ್ಲಿ ಬಿಸಿಲು ಕೆಂಪಾಗಿ ಹೊಯ್ದಾಡಿತು. ಲೋಂಡಾದ ಕಡೆಯ ರಸ್ತೆ ಮೈಯ ಕೆಳಗೆ ಹರಿಯುತ್ತಿತ್ತು, ಯಾರೂ ಹೇಳದಿದ್ದರೂ.

"ಈಗ ಬಲಕ್ಕ ಹೊಳ್ಳತೈತಿ," ಎಂದ ಅಪ್ಪ, ಅವಳ ಕಿವಿಯ ಹತ್ತಿರ. ಗಾಡಿ ಬಲಕ್ಕೆ ಹೊರಳಿತು. ಅವನ ಭುಜದ ಭಾರ ಅವಳ ಮೇಲೆ ಬಂದು ಹೋಯಿತು. "ಈಗ ಸಣ್ಣ ಸೇತುವಿ." ಗಾಲಿಗಳ ಸದ್ದು ಟೊಳ್ಳಾಯಿತು, ಮತ್ತೆ ತುಂಬಿತು. "ಇಲ್ಲೊಂದು ಇಳಕಲ ಐತಿ, ಹೊಟ್ಟಿ ಹಗರ ಆಗತೈತಿ ನೋಡು." ಹೊಟ್ಟೆ ಹಗುರಾಯಿತು. ಅವಳು ಹ್ಞೂಂ ಎಂದಳು. ಮುಂದಿನದನ್ನೂ ಅವನು ಹೇಳಿರಬೇಕು. ಅಷ್ಟರಲ್ಲಿ ಶಿವಬಸವ್ವನಿಗೆ ನಿದ್ದೆ ಬಂದಿತ್ತು.